ವಾದ ಮಾಡಲು ಸಿಗುತ್ತಾ?

ಅಮೆರಿಕದಲ್ಲಿ ಸರ್ಕಾರಿ ಗುತ್ತಿಗೆಗಳ ವ್ಯಾಜ್ಯ ತೀರ್ಮಾನಿಸುವ ಸಿವಿಲಿಯನ್ ಬೋರ್ಡ್ ಆಫ್ ಕಾಂಟ್ರ್ಯಾಕ್ಟ್ ಅಪೀಲ್ಸ್‌ನಲ್ಲಿ ಜಡ್ಜ್‌ಗಳಿಗೆ ನೆರವಾಗುವ ವಕೀಲರು ವಾದ ಮಾಡಬಹುದಾ ಎಂದು ಕೇಳಿದ್ದೀರಿ. ಇಲ್ಲ. ವಾದವೇನಿದ್ದರೂ ಗುತ್ತಿಗೆದಾರರ ಮತ್ತು ಸರ್ಕಾರಿ ಇಲಾಖೆಯ ವಕೀಲರದ್ದು. ನೆರವಾಗುವ ವಕೀಲರಿಗೆ ಓದುವುದು, ಕರಡು ಬರೆಯುವುದೇ ಜಾಸ್ತಿ.

ಮೊದಲು ನೋಡುವುದು ತಾರೀಖು. ಇಲಾಖೆಯ ಪರ ಗುತ್ತಿಗೆ ನೋಡಿಕೊಳ್ಳುವ ಕಾಂಟ್ರ್ಯಾಕ್ಟಿಂಗ್ ಆಫೀಸರ್‌ನ ಅಂತಿಮ ತೀರ್ಮಾನ ಕೈಸೇರಿದ 90 ದಿನದೊಳಗೆ ಅಪೀಲು ಬಂದಿದೆಯಾ? ಗಡುವು ದಾಟಿದ್ದರೆ ಕೇಸು ಎಷ್ಟೇ ಗಟ್ಟಿಯಿದ್ದರೂ ಅಲ್ಲೇ ಮುಗಿಯುವ ಸಂಭವ ಜಾಸ್ತಿ. ಗುತ್ತಿಗೆದಾರರು ಕೇಳಿದ ಮೊತ್ತ (ಕ್ಲೇಮು) 1 ಲಕ್ಷ ಡಾಲರ್ ಮೀರಿದರೆ ಅದು ಪ್ರಾಮಾಣಿಕ ಎಂಬ ಅವರ ದೃಢೀಕರಣ ಪತ್ರವೂ ಬೇಕು. ಆಮೇಲೆ ಕೇಸಿನ ದಾಖಲೆಗಳಿರುವ ‘ರೂಲ್ 4’ ಫೈಲು: ಒಪ್ಪಂದ, ಪತ್ರ, ಇಮೇಲು. ‘ಯಾರು, ಯಾವತ್ತು, ಏನು ಒಪ್ಪಿದರು’ ಎಂದು ಹುಡುಕುತ್ತಾ ಕೂರಬೇಕು. ಸುಮ್ನೆ ಓದಿದರೆ ಆಗಲ್ಲ.

ವಾದದ ಹುಚ್ಚಿದ್ದರೆ ಇಲಾಖೆಯ ಪರ ವಕೀಲರ ಹುದ್ದೆಯೇ ವಾಸಿ ಅಲ್ವಾ?