ಒಂದು ಪೇಪರ್ ಬರೆಯಲಾ, ಮೂರು ಮಾಡಲಾ?

ಓದುಗರ ಪತ್ರ: ನಾಲ್ಕು ವರ್ಷದ ಪಿಎಚ್‌ಡಿ ಕೆಲಸವನ್ನು ಒಂದೇ ಪೇಪರ್‌ನಲ್ಲಿ ಬರೆಯುವ ಆಸೆ ನನ್ನದು. ಮೂರು ತುಂಡು ಮಾಡು, ಸಂಶೋಧಕರನ್ನು ಅಳೆಯುವ ಎಚ್-ಇಂಡೆಕ್ಸ್ ಏರುತ್ತದೆ ಎನ್ನುತ್ತಾರೆ ಗೈಡ್. ಏನು ಮಾಡಲಿ?

ಸಂಪಾದಕರ ಉತ್ತರ: ಪತ್ರ ಓದಿ ಬೇಸರವಾಯಿತು. ನಿಮ್ಮ ಗೈಡ್ ಮೇಲೆ ಸಿಟ್ಟಿಲ್ಲ. ಅರ್ಜಿಗಳ ರಾಶಿ ಮುಂದೆ ಕೂತವರು ಮೊದಲು ಏನು ನೋಡುತ್ತಾರೆ ಎಂದು ಅವರಿಗೆ ಗೊತ್ತು.

ಎಚ್-ಇಂಡೆಕ್ಸ್ ಲೆಕ್ಕವನ್ನೇ ನೋಡಿ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಕೊಟ್ಟದ್ದು. ನಿಮ್ಮ ಐದು ಪೇಪರ್‌ಗಳಿಗೆ ತಲಾ ಐದು ಸೈಟೇಶನ್, ಅಂದರೆ ಬೇರೆ ಪೇಪರ್‌ಗಳಲ್ಲಿ ಉಲ್ಲೇಖ, ಬಂದಿದ್ದರೆ ನಿಮ್ಮ ಅಂಕಿ 5. ಇನ್ನೊಬ್ಬರು ಒಂದೇ ಪೇಪರ್ ಬರೆದು, ಅದಕ್ಕೆ ಸಾವಿರ ಸೈಟೇಶನ್ ಬಂದರೂ ಅವರ ಅಂಕಿ ಬರೀ 1, ಏಕೆಂದರೆ ಪೇಪರ್‌ಗಳ ಸಂಖ್ಯೆಯನ್ನು ಈ ಅಂಕಿ ದಾಟುವಂತಿಲ್ಲ. ತುಂಡು ಮಾಡುವ ಸಲಹೆ ಹುಟ್ಟೋದು ಇಲ್ಲೇ, ಅಲ್ವಾ?

ಇನ್ನೊಂದು ಅಳತೆ ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ಇಡೀ ಜರ್ನಲ್‌ನ ಪೇಪರ್‌ಗಳಿಗೆ ಬಂದ ಸೈಟೇಶನ್‌ಗಳ ಸರಾಸರಿ. ಸ್ಫಟಿಕ ವಿಜ್ಞಾನದ 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ' ಜರ್ನಲ್‌ನಲ್ಲಿ ಅದು ಸುಮಾರು 2 ಇತ್ತು. 2009ರ ಲೆಕ್ಕದಲ್ಲಿ 49 ದಾಟಿತು. ಕಾರಣ, 2008ರಲ್ಲಿ ಬಂದ ಒಂದೇ ಪೇಪರ್. ಶೆಲ್ಎಕ್ಸ್ ಎಂಬ ಸಾಫ್ಟ್‌ವೇರ್ ಬಳಸಿದವರೆಲ್ಲ ಅದನ್ನು ಸೈಟ್ ಮಾಡಿದರು. ಉಳಿದ ಪೇಪರ್‌ಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಅವುಗಳ ಪಕ್ಕದಲ್ಲಿ ದೊಡ್ಡ ಅಂಕಿ ಬಂದು ಕೂತಿತು.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಯಾರಿಗೆ ಕೆಲಸ ಎಂಬುದರ ಜೊತೆಗೆ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನೂ ಈ ಅಂಕಿಗಳೇ ತೀರ್ಮಾನಿಸುತ್ತಿವೆ. ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸದಲ್ಲಿ, ಅಂದರೆ ಎರಡು ವರ್ಷದ ಪೋಸ್ಟ್‌ಡಾಕ್‌ನಲ್ಲಿರುವವರು ಐದು ವರ್ಷ ಬೇಡುವ ಪ್ರಯೋಗಕ್ಕೆ ಕೈ ಹಾಕಲು ಹೆದರುತ್ತಾರೆ. ಬೇರೆಯವರ ಫಲಿತಾಂಶ ಸರಿಯೇ ಎಂದು ಮತ್ತೆ ಮಾಡಿ ನೋಡುವ ಕೆಲಸಕ್ಕೆ ಅಂಕವೇ ಇಲ್ಲ. ಹಿಗ್ಸ್ ಬೋಸಾನ್ ಕಣಕ್ಕೆ ಹೆಸರಾದ ಭೌತವಿಜ್ಞಾನಿ ಪೀಟರ್ ಹಿಗ್ಸ್, ಅದರ ಬಗ್ಗೆ ಬರೆದ 1964ರ ನಂತರ ಪ್ರಕಟಿಸಿದ ಪೇಪರ್‌ಗಳು ಹತ್ತಕ್ಕೂ ಕಡಿಮೆ. ಈ ಕಾಲದಲ್ಲಾಗಿದ್ದರೆ ತನಗೆ ಯಾವ ವಿಶ್ವವಿದ್ಯಾಲಯವೂ ಕೆಲಸ ಕೊಡುತ್ತಿರಲಿಲ್ಲ ಎಂದು, ನೊಬೆಲ್ ಬಂದ 2013ರಲ್ಲಿ ಅವರೇ ಹೇಳಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ವಿಷಯಕ್ಕೆ ಬರೋಣ. ಮೂರು ತುಂಡೂ ಸೇರಿದರೆ ಮಾತ್ರ ಉತ್ತರ ಸಿಗುವುದಾದರೆ ದಯವಿಟ್ಟು ಒಂದೇ ಪೇಪರ್ ಬರೆಯಿರಿ. ನೀವು ಕಟ್ಟಿದ ವಿಧಾನ ಬೇರೆಯವರಿಗೂ ಉಪಯೋಗವಾಗುವಂತಿದ್ದರೆ ಅದನ್ನು ಪ್ರತ್ಯೇಕ ಪ್ರಕಟಿಸಿ, ತಪ್ಪೇನಿಲ್ಲ. ಜರ್ನಲ್‌ನ ಅಂಕಿ ನೋಡಿ ವಿಜ್ಞಾನಿಯನ್ನು ಅಳೆಯಬೇಡಿ ಎನ್ನುವ 'ಡೋರಾ' ಘೋಷಣೆ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡಿತು. ಅದಕ್ಕೆ ಸಹಿ ಹಾಕಿದ ಸಂಸ್ಥೆಗಳನ್ನು ಹುಡುಕಿ. ಸಹಿ ಹಾಕಿದವರೆಲ್ಲ ಹಾಗೇ ನಡೆಯುತ್ತಾರೆ ಎಂದಲ್ಲ, ಆದರೆ ಅಲ್ಲಿ ಕೇಳುವ ಹಕ್ಕಾದರೂ ನಿಮಗಿರುತ್ತದೆ. ಅರ್ಜಿಯಲ್ಲಿ ಪೇಪರ್‌ಗಳ ಪಟ್ಟಿಗಿಂತ ಮೊದಲು, ನೀವು ಏನು ಕಂಡುಕೊಂಡಿರಿ ಎಂದು ನಾಲ್ಕು ಸಾಲು ಬರೆಯಿರಿ. ಆ ನಾಲ್ಕು ಸಾಲನ್ನು ಮೊದಲು ನಿಮ್ಮ ಗೈಡ್‌ಗೆ ತೋರಿಸಿ.