ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿ 400 ಜನ ಸಿಕ್ಕಿದ್ದಾರೆ, ಸ್ಯಾಂಪ್ಲಿಂಗ್ ಬಯಾಸ್ ಹೋಗಲು ಇನ್ನೆಷ್ಟು ಜನ ಬೇಕು?

ನಿದ್ರೆ ಮತ್ತು ಆತಂಕದ ಬಗ್ಗೆ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ ಹಂಚಿದ್ದೀರಿ. ತುಂಬಿದ 400 ಜನರಲ್ಲಿ 320 ಮಂದಿ ಹೆಂಗಸರು, ಹೆಚ್ಚಿನವರು ವಿದ್ಯಾರ್ಥಿಗಳು. 1000 ದಾಟಿದರೆ ಗೈಡ್ ಒಪ್ಪುತ್ತಾರಾ ಎಂಬುದು ನಿಮ್ಮ ಪ್ರಶ್ನೆ.

ಒಪ್ಪಬಾರದು. ಸ್ಯಾಂಪ್ಲಿಂಗ್ ಬಯಾಸ್ ಎಂದರೆ ಮಾದರಿಗೆ ಸೇರಿದವರು ಇಡೀ ಜನರನ್ನು ಹೋಲದೆ ಒಂದು ಕಡೆಗೆ ವಾಲಿರುವುದು; ಸಂಖ್ಯೆ ಹೆಚ್ಚಿದರೆ ಅದು ಹೋಗುವುದಿಲ್ಲ. ಅದೇ ಗುಂಪುಗಳಿಂದ ಇನ್ನೂ 600 ಜನ ಬಂದರೆ ತಪ್ಪು ಉತ್ತರವೇ ಹೆಚ್ಚು ಖಚಿತವಾದಂತೆ ಕಾಣುತ್ತದೆ, ಅಷ್ಟೇ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರ ಅಂಚೆಗೆ ಹಾಕಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಅಧ್ಯಕ್ಷರಾಗುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಫೋನು, ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ತೆಗೆದದ್ದು ಒಂದು ದೋಷ. ಉತ್ತರ ಬರೆದು ಕಳಿಸುವ ಉಮೇದು ಯಾರಿಗಿತ್ತು ಎಂಬುದು ಇನ್ನೊಂದು. ನಿಮಗೆ ಕಾಡುತ್ತಿರುವುದು ಹೆಚ್ಚಾಗಿ ಈ ಎರಡನೆಯದು.

ನಿಮ್ಮ ಪೋಸ್ಟನ್ನೇ ನೋಡಿ: "ಆತಂಕದಿಂದ ನಿದ್ದೆ ಬರುತ್ತಿಲ್ಲವೇ? ಭಾಗವಹಿಸಿ." ಚೆನ್ನಾಗಿ ನಿದ್ದೆ ಮಾಡುವವರು ಇದನ್ನು ಓದಿ ಮುಂದೆ ಹೋಗಿರುತ್ತಾರೆ. ಹಾಗಾಗಿ "ಇಷ್ಟು ಶೇಕಡಾ ಜನರಿಗೆ ಆತಂಕವಿದೆ" ಎಂಬ ಮಾತು ಈ ಡೇಟಾದಿಂದ ಹೊರಡುವುದಿಲ್ಲ. ಶೇಕಡಾ ಬಿಟ್ಟು ಬರೀ ಸಹಸಂಬಂಧ (ಒಂದು ಅಂಕ ಏರಿದಾಗ ಇನ್ನೊಂದು ಎಷ್ಟು ಜೊತೆಗೆ ಏರಿಳಿಯುತ್ತದೆ ಎಂಬುದು) ನೋಡುತ್ತೇನೆ ಎನ್ನುವವರಿದ್ದಾರೆ; ಅಲ್ಲೂ ಪೆಟ್ಟು ಬೀಳುತ್ತದೆ. ಎಲ್ಲರ ಆತಂಕದ ಅಂಕ ಮೇಲ್ತುದಿಯಲ್ಲೇ ಗುಂಪಾದರೆ ಏರಿಳಿತ ಕಡಿಮೆಯಾಗಿ ಸಹಸಂಬಂಧ ಕುಗ್ಗುತ್ತದೆ. ಆತಂಕ ಇರುವವರು ಅಥವಾ ನಿದ್ದೆ ಕೆಟ್ಟವರು, ಇಬ್ಬರಲ್ಲಿ ಒಬ್ಬರಾದರೆ ಸಾಕು ಫಾರ್ಮ್ ತುಂಬುತ್ತಾರೆ ಎಂದಾದರೆ, ನಿಜವಾಗಿ ಸಂಬಂಧವೇ ಇಲ್ಲದಿದ್ದರೂ ನಿಮ್ಮ ಮಾದರಿಯಲ್ಲಿ ಎರಡರ ನಡುವೆ ಋಣ ಸಂಬಂಧ (ಒಂದು ಹೆಚ್ಚಿದ್ದಲ್ಲಿ ಇನ್ನೊಂದು ಕಡಿಮೆ) ಹುಟ್ಟಿಕೊಳ್ಳಬಹುದು.

ಪೋಸ್ಟನ್ನು "ದಿನಚರಿ ಮತ್ತು ಆರೋಗ್ಯದ ಪ್ರಶ್ನಾವಳಿ, 12 ನಿಮಿಷ, 18 ವರ್ಷ ಮೇಲ್ಪಟ್ಟವರು" ಎಂದು ಬದಲಿಸಿ. ಆತಂಕದ ಪ್ರಶ್ನೆಗಳಿವೆ ಎಂಬುದನ್ನು ಒಪ್ಪಿಗೆ ಪುಟದಲ್ಲಿ ಸ್ಪಷ್ಟವಾಗಿ ಹೇಳಿ, ಮುಚ್ಚಿಡುವಂತಿಲ್ಲ. ಆ ಪುಟ ಓದಿ ಎಷ್ಟು ಜನ ಹೊರಟುಹೋದರು ಎಂಬುದೂ ನಿಮಗೆ ಬೇಕು. ಗೂಗಲ್ ಫಾರ್ಮ್ ಸಬ್ಮಿಟ್ ಆದದ್ದನ್ನಷ್ಟೇ ನಿಮಗೆ ಕೊಡುತ್ತದೆ, ಅರ್ಧಕ್ಕೆ ಬಿಟ್ಟವರ ಸುಳಿವು ಸಿಗುವುದಿಲ್ಲ. ಲೈಮ್‌ಸರ್ವೆಯಂಥ ಸಮೀಕ್ಷೆ ತಂತ್ರಾಂಶದಲ್ಲಿ ಅಪೂರ್ಣ ಉತ್ತರಗಳೂ ಉಳಿಯುತ್ತವೆ.

ಇನ್ನು ಮೂಲ. ಎಲ್ಲ ಕಡೆಗೂ ಒಂದೇ ಲಿಂಕ್ ಹಾಕಿದರೆ ಯಾರು ಎಲ್ಲಿಂದ ಬಂದರು ಎಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಪ್ರತಿ ಮೂಲಕ್ಕೂ ಫಾರ್ಮಿನ ಬೇರೆ ಪ್ರತಿ ಮಾಡಿ: ಕಾಲೇಜು ಗುಂಪು, ಉದ್ಯೋಗಿಗಳ ಗುಂಪು, ಹಿರಿಯರ ಗುಂಪು. ವಿಶ್ಲೇಷಣೆಯಲ್ಲಿ ಮೊದಲು ಮೂಲಗಳನ್ನು ಹೋಲಿಸಿ. ನಿದ್ರೆ ಮತ್ತು ಆತಂಕದ ನಂಟು ಮೂರರಲ್ಲೂ ಸರಿಸುಮಾರು ಒಂದೇ ಇದ್ದರೆ ಧೈರ್ಯವಾಗಿ ಬರೆಯಬಹುದು. ಒಂದರಲ್ಲಿ ಮಾತ್ರ ಕಂಡರೆ ಅದು ಆ ಗುಂಪಿನ ಮಾತು.

ದುಡ್ಡು ಕೊಟ್ಟು ಪ್ಯಾನೆಲ್‌ನಿಂದ (ಸಮೀಕ್ಷೆಗೆ ಉತ್ತರಿಸಲು ಹೆಸರು ನೋಂದಾಯಿಸಿದವರ ತಾಣದಿಂದ) ಜನ ತಂದರೂ ನಿಶ್ಚಿಂತೆಯಿಲ್ಲ. 2021ರ ಜುಲೈಯಲ್ಲಿ ಪ್ರಾಲಿಫಿಕ್ ಎಂಬ ಅಂಥ ತಾಣದ ಬಗ್ಗೆ ಒಂದು ಟಿಕ್‌ಟಾಕ್ ವಿಡಿಯೋ ಹರಡಿ, ಯುವತಿಯರು ದಂಡಿಯಾಗಿ ಸೇರಿಕೊಂಡರು; ಲಿಂಗಾನುಪಾತಕ್ಕೆ ಮಿತಿ ಹಾಕದ ಸಂಶೋಧಕರ ಮಾದರಿಗಳು ಒಂದೇ ಕಡೆಗೆ ವಾಲಿದವು. ವಯಸ್ಸು, ಲಿಂಗ, ಶಿಕ್ಷಣಕ್ಕೆ ಕೋಟಾ ಮೊದಲೇ ಹಾಕಿ, ಒಂದು ಕೋಟಾ ತುಂಬಿದ ಕೂಡಲೇ ಅದನ್ನು ಮುಚ್ಚಿ.

ಈಗಾಗಲೇ ಕೈಯಲ್ಲಿರುವ 400ಕ್ಕೆ ತೂಕ ಕೊಟ್ಟು, ಅಂದರೆ ಕಡಿಮೆ ಇರುವವರ ಉತ್ತರವನ್ನು ಹೆಚ್ಚು, ಹೆಚ್ಚಿರುವವರದ್ದನ್ನು ಕಡಿಮೆ ಎಣಿಸಿ, ಸರಿಪಡಿಸಬಹುದೇ? ಸ್ವಲ್ಪ ಮಟ್ಟಿಗೆ. ಜನಸಂಖ್ಯೆಯಲ್ಲಿ ಅರ್ಧರ್ಧ ಎಂದುಕೊಂಡರೆ ಪ್ರತಿ ಹೆಣ್ಣಿಗೆ 0.625 (0.5 ÷ 0.8), ಪ್ರತಿ ಗಂಡಿಗೆ 2.5 (0.5 ÷ 0.2). ತೂಕಗಳ ಮೊತ್ತದ ವರ್ಗವನ್ನು ತೂಕಗಳ ವರ್ಗಗಳ ಮೊತ್ತದಿಂದ ಭಾಗಿಸಿ: 1,60,000 ÷ 625 = 256. ಅಂದರೆ ನಿಮ್ಮ 400 ಜನ 256 ಜನರಷ್ಟೇ ಮಾಹಿತಿ ಕೊಡುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ 80 ಗಂಡಸರೂ ನಿಮ್ಮ ಪೋಸ್ಟ್ ನೋಡಿ ಬಂದ ನಿದ್ದೆಗೆಟ್ಟವರೇ ಆಗಿದ್ದರೆ, 2.5ರಿಂದ ಗುಣಿಸಿದಾಗ ಅವರ ನಿದ್ದೆಗೇಡೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಅದಕ್ಕೇ ಹೊಸ ಪೋಸ್ಟಿಗೆ ಬಂದವರನ್ನು ಹಳೆಯ 400ರ ಜೊತೆ ಬೆರೆಸಬೇಡಿ. ಎರಡೂ ಗುಂಪಿನ ಸರಾಸರಿ ಅಂಕವನ್ನು ಪಕ್ಕಪಕ್ಕ ಕೊಡಿ. ಪೋಸ್ಟ್ ಜೊತೆ ದಿನಾಂಕ, ಮೂಲಗಳೂ ಬದಲಾಗಿರುತ್ತವೆ. ಆದ್ದರಿಂದ ಹೋಲಿಕೆಯನ್ನು ಒಂದೇ ಬಗೆಯ ಗುಂಪುಗಳ ನಡುವೆ ಮಾಡಿ, ಹಳೆಯ ಕಾಲೇಜು ಉತ್ತರಗಳಿಗೆ ಹೊಸ ಕಾಲೇಜು ಉತ್ತರಗಳು ಹೀಗೆ.