ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ಇನ್ನು ಚಿಂತೆ ಇಲ್ವಾ? ನನಗೂ ಬರುತ್ತಾ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಹೋದ ತಿಂಗಳು ನಿಮ್ಮ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು, ಒಂದು ಸ್ಟೆಂಟ್ (ರಕ್ತನಾಳ ಮತ್ತೆ ಮುಚ್ಚದ ಹಾಗೆ ಒಳಗಿನಿಂದ ಹಿಡಿದಿಡುವ ಪುಟ್ಟ ಬಲೆಯ ಕೊಳವೆ) ಹಾಕಿದರು, ಈಗ ಮನೆಗೆ ಬಂದಿದ್ದಾರೆ. ನಿಮಗೆ 36. ಈಚೆಗೆ ಹೃದಯದ ಕಾಯಿಲೆಗೆ ಏನೇನು ಹೊಸದು ಬಂದಿದೆ, ಅಪ್ಪ ಇನ್ನು ನಿಶ್ಚಿಂತೆಯಿಂದ ಇರಬಹುದಾ, ನಿಮಗೂ ಬರುತ್ತಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಹಾರ್ಟ್ ಅಟ್ಯಾಕ್ ಆಗಿ ಬದುಕಿ ಉಳಿದವನು. ನನ್ನ ತಂದೆ ಉಳಿಯಲಿಲ್ಲ. 1986ರಲ್ಲಿ, 51ನೇ ವಯಸ್ಸಿಗೆ, ಆಸ್ಪತ್ರೆ ಸೇರಿದ ಮೂರನೇ ದಿನ ಹೋದರು. ಆಗ ನನಗೆ 15. ಅಲ್ಲಾಡದೆ ಮಲಗಿರಬೇಕು ಅಂತ ಹೇಳಿದ್ದರು. ನೀರಿನ ಲೋಟವನ್ನೂ ಅವರ ಕೈಗೆ ಕೊಡುತ್ತಿರಲಿಲ್ಲ, ಅಮ್ಮ ಚಮಚದಲ್ಲಿ ಕುಡಿಸುತ್ತಿದ್ದಳು. ಹಾಸಿಗೆ, ಆಮ್ಲಜನಕ, ನೋವಿಗೆ ಇಂಜೆಕ್ಷನ್. ಅವರಿಗೆ ಸಿಕ್ಕಿದ್ದು ಅಷ್ಟೇ. ಎರಡು ವರ್ಷ ಕಳೆದು, 1988ರಲ್ಲಿ, 17,187 ಜನರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್ ಆದ ಕೂಡಲೇ ಆಸ್ಪಿರಿನ್ ಕೊಟ್ಟು ಒಂದು ತಿಂಗಳು ಮುಂದುವರಿಸಿದರೆ ಸಾವು ಶೇ. 23ರಷ್ಟು ಕಡಿಮೆ, ಜೊತೆಗೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಟ್ಟರೆ ಶೇ. 42ರಷ್ಟು ಕಡಿಮೆ. ಅಪ್ಪ ಹೋದಾಗಲೂ ನಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ತಲೆನೋವಿಗೆಂದು ತಂದ ಆಸ್ಪಿರಿನ್ ಇತ್ತು. ಇದನ್ನು ಓದಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನನ್ನ ಸರದಿ ಬಂದದ್ದು 2018ರಲ್ಲಿ, 47ಕ್ಕೆ. ಮಣಿಕಟ್ಟಿನಿಂದ ಕೂದಲಿನಷ್ಟು ಸಣ್ಣ ತಂತಿ ಒಳಗೆ ಹೋಯಿತು. ನನಗೆ ಪೂರ್ತಿ ಎಚ್ಚರವಿತ್ತು. ಪಕ್ಕದ ಪರದೆಯಲ್ಲಿ ನನ್ನದೇ ಹೃದಯ. ಬಣ್ಣದ ದ್ರವ ಬಿಟ್ಟಾಗಲೆಲ್ಲ ರಕ್ತನಾಳಗಳು ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕಪ್ಪಗೆ ಮೂಡಿ ಮಾಯವಾಗುತ್ತಿದ್ದವು. ಒಂದು ಕೊಂಬೆ ಮಾತ್ರ ಅರ್ಧಕ್ಕೇ ನಿಂತಿತ್ತು. ಬಲೂನ್ ಉಬ್ಬಿಸಿದರು, ನೋವು ಇನ್ನಷ್ಟು ಏರಿತು. ಇಳಿಸಿದರು. ಎದೆ ಮೇಲಿಟ್ಟಿದ್ದ ಚಪ್ಪಡಿಯನ್ನು ಯಾರೋ ಎತ್ತಿಕೊಂಡ ಹಾಗಾಯಿತು. ಮತ್ತೆ ಬಣ್ಣ ಬಿಟ್ಟಾಗ ಆ ಕೊಂಬೆ ತುದಿಯವರೆಗೂ ಕಾಣಿಸಿತು. ಬಲೂನಿನಿಂದ ಹೃದಯದ ರಕ್ತನಾಳ ತೆರೆಯುವುದನ್ನು ಮೊದಲು ಮಾಡಿ ತೋರಿಸಿದ್ದು ಆಂಡ್ರಿಯಾಸ್ ಗ್ರುಂಟ್ಸಿಗ್, 1977ರಲ್ಲಿ, ಜ್ಯೂರಿಕ್‌ನಲ್ಲಿ. ಸ್ಟೆಂಟ್ ಬಂದದ್ದು 1986ರಲ್ಲಿ, ಅಪ್ಪ ಹೋದ ವರ್ಷವೇ. ಔಷಧಿ ಲೇಪಿಸಿದ ಸ್ಟೆಂಟ್‌ಗಳು 2000ದ ನಂತರ ಬಳಕೆಗೆ ಬಂದವು.

ಈಗ ನಿಮ್ಮ ಅಪ್ಪನ ವಿಷಯ. ಅಟ್ಯಾಕ್ ಆಗುತ್ತಿರುವಾಗ ಹಾಕಿದ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವೇ ಬೇಡ. ಆದರೆ ಅದು ಸರಿಮಾಡಿದ್ದು ಕೆಲವೇ ಸೆಂಟಿಮೀಟರ್ ಉದ್ದದ ಒಂದು ಜಾಗವನ್ನು. ಕೊಬ್ಬು ಕಟ್ಟುವ ಕಾಯಿಲೆ ಉಳಿದ ರಕ್ತನಾಳಗಳಲ್ಲೂ ಇರುತ್ತದೆ. ಅಟ್ಯಾಕ್ ಆಗೋದು ಯಾವಾಗಲೂ ದೊಡ್ಡ ಬ್ಲಾಕ್ ಇರುವ ಕಡೆಯೇ ಅಲ್ಲ. ಅರ್ಧದಷ್ಟೂ ಮುಚ್ಚಿರದ ಕಡೆ ಕೂಡ ಒಳಗಿನ ತೆಳು ಪೊರೆ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ದಾರಿ ಮುಚ್ಚಿಬಿಡಬಹುದು. ಅದಕ್ಕೇ, ಅಟ್ಯಾಕ್ ಆಗದೆ ನಡೆದಾಗ ಮಾತ್ರ ಎದೆ ಹಿಡಿಯುವ ಸ್ಥಿರ ಕಾಯಿಲೆಯವರಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮೊದಲೇ ಮಾಡಿದರೆ ಆಯುಸ್ಸು ಹೆಚ್ಚುತ್ತದಾ ಅಂತ 5,179 ಜನರಲ್ಲಿ ನೋಡಿದರು. ಇಸ್ಕೀಮಿಯಾ ಅಂತ ಆ ಪ್ರಯೋಗದ ಹೆಸರು, 2020ರಲ್ಲಿ ಪ್ರಕಟವಾಯಿತು. ಒಳ್ಳೆಯ ಔಷಧಿ ತೆಗೆದುಕೊಂಡವರಿಗೂ ಅವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗುವುದು ಮಾತ್ರ ನಿಜ.

ಹಾಗಾಗಿ ಅಪ್ಪನ ಮಾತ್ರೆಗಳನ್ನು ಸ್ಟೆಂಟ್‌ನಷ್ಟೇ ಗಂಭೀರವಾಗಿ ನೋಡಿ. ಅದರಲ್ಲೂ ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರುವ ಮಾತ್ರೆಗಳನ್ನು ಹಲ್ಲು ಕೀಳಿಸಬೇಕು, ಹೊಟ್ಟೆ ಉರಿ ಅಂತ ಸುಮ್ನೆ ನಿಲ್ಲಿಸಬಾರದು. ಹೊಸ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಿಕೊಂಡರೆ ಮತ್ತೆ ಅಟ್ಯಾಕ್. ಏನೇ ಇದ್ದರೂ ಮೊದಲು ಡಾಕ್ಟರಿಗೆ ಫೋನ್.

ಇನ್ನು ಕೊಲೆಸ್ಟೆರಾಲ್ ಮಾತ್ರೆ, ಅಂದರೆ ಸ್ಟ್ಯಾಟಿನ್. ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಅಟ್ಯಾಕ್ ಆದಾಗ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟೆರಾಲ್, 148 ಇತ್ತು. ಮಾತ್ರೆಯಿಂದ 62ಕ್ಕೆ ಇಳಿಯಿತು. ಎರಡು ವರ್ಷ ಚೆನ್ನಾಗಿದ್ದೆ. ಆಮೇಲೆ ಇಂಟರ್ನೆಟ್‌ನಲ್ಲಿ ಸ್ಟ್ಯಾಟಿನ್ ಸ್ನಾಯು ತಿನ್ನುತ್ತದೆ ಅಂತ ಒಂದರ ಮೇಲೊಂದು ಓದಿದೆ. ವಾರದೊಳಗೆ ತೊಡೆ ನೋಯಲು ಶುರುವಾಯಿತು. ಯಾರಿಗೂ ಹೇಳದೆ ಬಿಟ್ಟೆ. ಐದು ತಿಂಗಳ ನಂತರ ಪರೀಕ್ಷೆ ಮಾಡಿಸಿದರೆ 141. ಡಾಕ್ಟರ್ ಬೈಯಲಿಲ್ಲ. ಆಗಷ್ಟೇ, 2020ರ ಕೊನೆಯಲ್ಲಿ ಬಂದಿದ್ದ ಸ್ಯಾಮ್ಸನ್ ಅನ್ನುವ ಪ್ರಯೋಗದ ಬಗ್ಗೆ ಕೂತು ಹೇಳಿದರು.

ಅದು ಹೀಗೆ. ತೊಂದರೆಯಾಗುತ್ತದೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನ. ಪ್ರತಿಯೊಬ್ಬರಿಗೂ ವರ್ಷಕ್ಕೆ 12 ಬಾಟಲಿ. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಅದೇ ಥರದ, ಔಷಧಿ ಇಲ್ಲದ ಮಾತ್ರೆ, ನಾಲ್ಕು ಖಾಲಿ. ಮಾತ್ರೆ ಇರುವ ಬಾಟಲಿಯಲ್ಲಿ ಅಸಲಿ ಯಾವುದು, ನಕಲಿ ಯಾವುದು ಅಂತ ಅವರಿಗೆ ಗೊತ್ತಿಲ್ಲ. ದಿನಾ ತಮ್ಮ ತೊಂದರೆ ಎಷ್ಟಿದೆ ಅಂತ ನೂರಕ್ಕೆ ಅಂಕ ಕೊಡಬೇಕು. ಖಾಲಿ ಬಾಟಲಿಯ ತಿಂಗಳಲ್ಲಿ ಸರಾಸರಿ 8. ಸ್ಟ್ಯಾಟಿನ್ ತಿಂಗಳಲ್ಲಿ 16.3. ಔಷಧಿಯೇ ಇಲ್ಲದ ಮಾತ್ರೆಯ ತಿಂಗಳಲ್ಲಿ 15.4! ಅವರ ನೋವು ಸುಳ್ಳಲ್ಲ, ನಿಜವಾಗಿಯೇ ನೋಯುತ್ತಿತ್ತು. ಆದರೆ ಅದರ ಹತ್ತರಲ್ಲಿ ಒಂಬತ್ತು ಪಾಲು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಅನ್ನುವ ಭಯದಿಂದ. ಇದು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ನಾನೂ ಮಾಡಿದೆ. ಡೋಸ್ ಸ್ವಲ್ಪ ಇಳಿಸಿ, ಜೊತೆಗೆ ಎಜೆಟಿಮೈಬ್ ಅನ್ನುವ ಮಾತ್ರೆ ಸೇರಿಸಿದರು. ಈಗ ನನ್ನ ಎಲ್‌ಡಿಎಲ್ 50ರ ಆಸುಪಾಸಿನಲ್ಲಿದೆ. ಒಮ್ಮೆ ಅಟ್ಯಾಕ್ ಆದವರಿಗೆ ಎಲ್‌ಡಿಎಲ್ 55ಕ್ಕಿಂತ ಕೆಳಗಿರಲಿ ಅಂತ ಯುರೋಪಿನ ಹೃದ್ರೋಗ ತಜ್ಞರು 2019ರಿಂದ ಹೇಳುತ್ತಿದ್ದಾರೆ. ನಿಮ್ಮ ಅಪ್ಪನ ವರದಿಯಲ್ಲಿ ಈ ಒಂದು ಅಂಕಿ ನೋಡಿ. ಸ್ಟ್ಯಾಟಿನ್ ನಿಜವಾಗಲೂ ಒಗ್ಗದವರು ಕೆಲವರಿದ್ದಾರೆ. ಅವರಿಗೆ ಬೆಂಪಿಡೋಯಿಕ್ ಆ್ಯಸಿಡ್ ಅನ್ನುವ ಬೇರೆ ಮಾತ್ರೆ ಬಂದಿದೆ. ಅದೂ ಅಟ್ಯಾಕ್‌ಗಳನ್ನು ಕಡಿಮೆ ಮಾಡುತ್ತದೆ ಅಂತ 2023ರಲ್ಲಿ ಗೊತ್ತಾಯಿತು.

ನನ್ನನ್ನು ಕೇಳಿದರೆ ಈಚಿನ 20 ವರ್ಷಗಳಲ್ಲಿ ಸಿಕ್ಕ ಅತಿ ದೊಡ್ಡ ತಿಳಿವಳಿಕೆ ಯಂತ್ರದಿಂದ ಬಂದಿಲ್ಲ, ಕೆಲವರ ಹುಟ್ಟಿನಿಂದಲೇ ಬಂದದ್ದು. ಪಿಸಿಎಸ್‌ಕೆ9 ಅಂತ ಒಂದು ಜೀನ್ ಇದೆ. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳಲು ಲಿವರ್‌ನ ಮೇಲೆ ಕೊಕ್ಕೆಗಳ ಥರದ ರಿಸೆಪ್ಟರ್‌ಗಳಿರುತ್ತವೆ. ಈ ಜೀನ್‌ನಿಂದ ತಯಾರಾಗುವ ಪ್ರೋಟೀನ್ ಆ ಕೊಕ್ಕೆಗಳನ್ನು ನಾಶ ಮಾಡುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಜೀನ್ ಕೆಟ್ಟಿರುತ್ತದೆ. ಕೆಟ್ಟದ್ದೇ ಅವರ ಪುಣ್ಯ. ಕೊಕ್ಕೆ ಜಾಸ್ತಿ, ರಕ್ತದಲ್ಲಿ ಕೊಲೆಸ್ಟೆರಾಲ್ ಕಡಿಮೆ. ಡಲ್ಲಾಸ್‌ನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ 2006ರಲ್ಲಿ ಇಂಥವರ ಲೆಕ್ಕ ತೆಗೆಯಿತು. ಅಮೆರಿಕದ ಕಪ್ಪು ಜನರಲ್ಲಿ ಈ ಬದಲಾವಣೆ ಇದ್ದವರ ಎಲ್‌ಡಿಎಲ್ ಶೇ. 28ರಷ್ಟು ಕಡಿಮೆ ಇತ್ತು. ಹೃದಯದ ರಕ್ತನಾಳದ ಕಾಯಿಲೆ ಎಷ್ಟು ಕಡಿಮೆ ಗೊತ್ತಾ? ಶೇ. 88.

ಇದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ. ಸ್ಟ್ಯಾಟಿನ್ ಜೀವ ಉಳಿಸುತ್ತದೆ ಅಂತ ಖಚಿತಪಡಿಸಿದ 1994ರ ಪ್ರಯೋಗದಲ್ಲಿ ಆಗಲೇ ಕಾಯಿಲೆ ಇದ್ದ 4,444 ಜನರಿದ್ದರು. ಎಲ್‌ಡಿಎಲ್ ಶೇ. 35ರಷ್ಟು ಇಳಿಯಿತು. ಐದು ವರ್ಷದಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಯಿತು. ದೊಡ್ಡ ಲಾಭವೇ. ಆದರೆ ಅದಕ್ಕಿಂತ ಕಡಿಮೆ ಇಳಿಕೆ ಹುಟ್ಟಿನಿಂದ ಇದ್ದರೆ ಕಾಯಿಲೆಯೇ ಹತ್ತಿರ ಬರುವುದು ಅಪರೂಪ. ಎಷ್ಟು ಇಳಿಸಿದಿರಿ ಅನ್ನುವುದರ ಜೊತೆಗೆ ಎಷ್ಟು ವರ್ಷ ಇಳಿದಿತ್ತು ಅನ್ನುವುದೂ ಅಷ್ಟೇ ಮುಖ್ಯ ಅಂತ ಆಯಿತಲ್ವಾ? ನಾನು 47ಕ್ಕೆ ಶುರು ಮಾಡಿದೆ. ನಿಮಗೆ 36. ಆ 11 ವರ್ಷ ನಿಮ್ಮ ಕೈಯಲ್ಲಿದೆ.

ಈ ಜೀನ್‌ನ ಹಿಂದೆ ಬಿದ್ದೇ ಹೊಸ ಇಂಜೆಕ್ಷನ್‌ಗಳು ಬಂದವು. ಅಲಿರೊಕ್ಯುಮಾಬ್, ಇವೊಲೊಕ್ಯುಮಾಬ್ 2015ರಲ್ಲಿ ಬಂದವು, ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ. ಇನ್ಕ್ಲಿಸಿರಾನ್ 2020ರ ಕೊನೆಗೆ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು. ಮೊದಲ ಎರಡು ಡೋಸ್ ಆದ ಮೇಲೆ ವರ್ಷಕ್ಕೆ ಎರಡೇ ಸಲ, ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನನ್ನ ಹಾಗೆ ಮಾತ್ರೆ ಬಿಟ್ಟುಬಿಡುವವರಿಗೆ ಇದು ಎಂಥ ವರ ಅಂತ ನನಗೆ ಚೆನ್ನಾಗಿ ಗೊತ್ತು. 2022ರಲ್ಲಿ ನ್ಯೂಜಿಲೆಂಡ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಲಿವರ್‌ನಲ್ಲಿ ಆ ಜೀನ್‌ನ ಒಂದೇ ಒಂದು ಅಕ್ಷರ ತಿದ್ದಿ ಅದನ್ನು ಕಾಯಂ ಆಗಿ ಆರಿಸುವ ಔಷಧಿಯನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಈ ವಿಧಾನ ಇನ್ನೂ ಪ್ರಯೋಗದ ಹಂತದಲ್ಲಿದೆ. ತಿದ್ದಿದ್ದನ್ನು ಹಿಂದಕ್ಕೆ ಪಡೆಯಲಾಗದು, ಹಾಗಾಗಿ ಅವಸರ ಬೇಡ ಅಂತಲೇ ನನ್ನ ಅಭಿಪ್ರಾಯ.

ಬೇರೆ ಹೊಸದೂ ಇವೆ, ಬೇಗ ಹೇಳುತ್ತೇನೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆ ಕಾಯಿಲೆ ಇಲ್ಲದವರ ಹಾರ್ಟ್ ಫೇಲ್ಯೂರ್‌ಗೂ, ಅಂದರೆ ಹೃದಯ ಸರಿಯಾಗಿ ರಕ್ತ ಪಂಪ್ ಮಾಡಲಾಗದ ಸ್ಥಿತಿಗೂ, ಕೆಲಸ ಮಾಡುತ್ತವೆ. ಇವುಗಳ ಮೂಲ ಹುಡುಕುತ್ತಾ ಹೋದರೆ 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕ ಒಂದು ಪದಾರ್ಥಕ್ಕೆ ಬಂದು ನಿಲ್ಲುತ್ತೇವೆ. ತೂಕ ಇಳಿಸುವ ಸೆಮಾಗ್ಲುಟೈಡ್, ಹೃದಯ ಅಥವಾ ರಕ್ತನಾಳದ ಕಾಯಿಲೆ ಮತ್ತು ಜಾಸ್ತಿ ತೂಕ ಎರಡೂ ಇದ್ದ 17,604 ಜನರಲ್ಲಿ ಅಟ್ಯಾಕ್, ಸ್ಟ್ರೋಕ್, ಸಾವು ಸೇರಿದ ಲೆಕ್ಕವನ್ನು ಶೇ. 20ರಷ್ಟು ತಗ್ಗಿಸಿತು, 2023ರಲ್ಲಿ. ವಯಸ್ಸಾದವರ ಗಟ್ಟಿಯಾದ ಕವಾಟವನ್ನು ಎದೆ ಸೀಳದೆ ತೊಡೆಯ ರಕ್ತನಾಳದ ಮೂಲಕವೇ ಬದಲಿಸುತ್ತಾರೆ. ಎದೆ ತೆರೆಯದೆ ಇದನ್ನು ಮನುಷ್ಯರಲ್ಲಿ ಮೊದಲು ಮಾಡಿದವರು ಫ್ರಾನ್ಸ್‌ನ ಅಲೆನ್ ಕ್ರಿಬಿಯೇ, 2002ರಲ್ಲಿ.

ಕೆಲವು ಹಳೆಯದನ್ನು ಬಿಡುವುದೂ ಹೊಸದೇ. ಅಪ್ಪನಿಗೆ ಕೊಟ್ಟಿದ್ದಾರೆ, ನಾನೂ ಇರಲಿ ಅಂತ ನೀವು ಆಸ್ಪಿರಿನ್ ಶುರು ಮಾಡಬೇಡಿ. ಕಾಯಿಲೆ ಇಲ್ಲದವರಲ್ಲಿ ರಕ್ತಸ್ರಾವದ ಅಪಾಯ ಅದರ ಲಾಭವನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ ಅಂತ 2018ರ ಮೂರು ದೊಡ್ಡ ಪ್ರಯೋಗಗಳು ತೋರಿಸಿವೆ.

ಈಗ ನಿಮ್ಮ ಮೂರನೇ ಪ್ರಶ್ನೆ, ನಿಮಗೂ ಬರುತ್ತಾ. ತಂದೆಗೆ 55ಕ್ಕಿಂತ ಮೊದಲೇ ಆಗಿದ್ದರೆ ನಿಮ್ಮ ಅಪಾಯ ಜಾಸ್ತಿ, ಇದನ್ನು ನಿಮ್ಮ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬಿಪಿ ನೋಡಿಸಿ. ಸಿಗರೇಟ್ ಇದ್ದರೆ ಇವತ್ತೇ ಬಿಡಿ, ಇಷ್ಟು ಲಾಭ ಕೊಡುವ ಮಾತ್ರೆ ಯಾವುದೂ ಇಲ್ಲ. ಕೊಲೆಸ್ಟೆರಾಲ್ ಪರೀಕ್ಷೆಯ ಜೊತೆ ಲಿಪೊಪ್ರೋಟೀನ್ ಎ ಅಂತ ಇನ್ನೊಂದನ್ನು ಕೇಳಿ ಮಾಡಿಸಿ, ಅದು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಥರದ್ದೇ ಇನ್ನೊಂದು ಕೊಬ್ಬಿನ ಕಣ. ಸಾಮಾನ್ಯ ಪರೀಕ್ಷೆಯಲ್ಲಿ ಇದು ಬರೋದಿಲ್ಲ. ಐದರಲ್ಲಿ ಒಬ್ಬರಿಗೆ ಇದು ಜಾಸ್ತಿ ಇರುತ್ತದೆ. ಇದನ್ನು ತೀರ್ಮಾನಿಸೋದು ಹೆಚ್ಚುಕಡಿಮೆ ಜೀನ್‌ಗಳೇ, ಊಟ ವ್ಯಾಯಾಮದಿಂದ ಅಷ್ಟಾಗಿ ಬದಲಾಗದು, ಹಾಗಾಗಿ ಬಹುತೇಕರಿಗೆ ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕು. ಇದನ್ನೇ ತಗ್ಗಿಸುವ ಔಷಧಿಗಳು ದೊಡ್ಡ ಪ್ರಯೋಗಗಳಲ್ಲಿವೆ. ಹೃದಯದ ರಕ್ತನಾಳಗಳಲ್ಲಿ ಎಷ್ಟು ಸುಣ್ಣ ಕಟ್ಟಿದೆ ಅಂತ ಅಳೆಯುವ ಕ್ಯಾಲ್ಸಿಯಂ ಸ್ಕೋರ್ ಸ್ಕ್ಯಾನ್ ಮಾಡಿಸಲೇ ಅಂತ ನೀವು ಕೇಳಬಹುದು. 36ಕ್ಕೆ ಸೊನ್ನೆ ಬಂದರೂ ಪೂರ್ತಿ ನಂಬುವ ಹಾಗಿಲ್ಲ. ಈ ವಯಸ್ಸಿನಲ್ಲಿ ಕೊಬ್ಬು ಇನ್ನೂ ಮೆತ್ತಗಿರುತ್ತದೆ, ಸುಣ್ಣ ಕಟ್ಟಿರುವುದಿಲ್ಲ.

ನನ್ನ ಲಿಪೊಪ್ರೋಟೀನ್ ಎ ನೋಡಿದ್ದು ಅಟ್ಯಾಕ್ ಆಗಿ ಮೂರು ವರ್ಷದ ಮೇಲೆ. ತುಂಬಾ ಜಾಸ್ತಿ ಇತ್ತು. ಬಹುಶಃ ಅಪ್ಪನಿಗೂ ಇದೇ ಇತ್ತೇನೋ. ಮಗಳಿಗೂ ಮಾಡಿಸಿದೆವು, ಅವಳಿಗೂ ಜಾಸ್ತಿ. ವರದಿ ಹಿಡಿದು ನಾನು ಅಳುವ ಹಾಗಾದೆ. ಅವಳು ಕಾಗದ ತೆಗೆದುಕೊಂಡು ತನ್ನ ಎಲ್‌ಡಿಎಲ್ ಎಷ್ಟು, ಎಷ್ಟಿರಬೇಕು ಅಂತ ಡಾಕ್ಟರನ್ನು ಕೇಳುತ್ತಾ ಕೂತಳು. ಇಪ್ಪತ್ತೆರಡು ವರ್ಷ ಅವಳಿಗೆ.

ಅಪ್ಪನನ್ನು ಮುಂದಿನ ಚೆಕಪ್‌ಗೆ ಕರೆದುಕೊಂಡು ಹೋಗುತ್ತೀರಲ್ವಾ, ಆಗ ನೀವೂ ರಕ್ತ ಕೊಟ್ಟು ಬನ್ನಿ. ವರದಿ ಬಂದ ಮೇಲೆ ಇಲ್ಲೇ ಬರೆಯಿರಿ. ಡಾಕ್ಟರಿಗೆ ಏನು ಕೇಳಬೇಕು ಅಂತ ಒಟ್ಟಿಗೆ ನೋಡೋಣ.